ನಮ್ಮ ತೋಟ ನಿಮ್ಮ ನಕ್ಷೆಯಲ್ಲಿ ಕಾಡಾದ ಬಗೆ

ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯದ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನಗೆ 2 ಎಕರೆ 18 ಗುಂಟೆ ಅಡಿಕೆ ತೋಟವಿದೆ. ತೋಟದ ಕೆಳಗೆ ಎಕರೆಗೆ ಸ್ವಲ್ಪ ಕಡಿಮೆ ಗದ್ದೆಯೂ ಇತ್ತು. ಅದನ್ನು ಕಾಡುಹಂದಿಗೂ ಮಂಗಗಳಿಗೂ ಬಿಟ್ಟುಕೊಟ್ಟು ಎಂಟು ವರ್ಷವಾಯಿತು. ಹಾಗೆ ನೋಡಿದರೆ ವನ್ಯಜೀವಿಗಳಿಗೆ ಜಾಗ ಕೊಡುವ ವಿಷಯದಲ್ಲಿ ನಾನು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ನಿಮ್ಮ ಅಧಿಸೂಚನೆಗಾಗಿ ಕಾಯಲಿಲ್ಲ.

ಈ ಜಮೀನಿಗೆ ಒಂದು ಕಥೆಯಿದೆ. ನನ್ನ ಮುತ್ತಜ್ಜ, ಅಜ್ಜ ಇಬ್ಬರೂ ಇದೇ ತೋಟದಲ್ಲಿ ಗೇಣಿದಾರರಾಗಿ ದುಡಿದವರು. 1974ರ ಭೂಸುಧಾರಣೆ ಬಂದ ಮೇಲೆ ಅಪ್ಪ ಗೇಣಿ ಜಮೀನಿನ ಒಡೆತನ ಕೋರುವ ಫಾರಂ 7 ತುಂಬಿ, ಭೂನ್ಯಾಯ ಮಂಡಳಿಯ ಮೆಟ್ಟಿಲು ಹತ್ತಿ ಇಳಿದು, ಪಹಣಿಯಲ್ಲಿ ತಮ್ಮ ಹೆಸರು ಬರೆಸಿಕೊಂಡರು. ಆ ಪಹಣಿಯ ಮೊದಲ ನಕಲನ್ನು ಅವರು ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಈಗಲೂ ಅಲ್ಲಿಯೇ ಇದೆ. ನಾವು ಭೂಮಾಲೀಕರು ಎಂದು ಪತ್ರಿಕೆಗಳಲ್ಲಿ ಓದುವಾಗ ನನಗೆ ಸ್ವಲ್ಪ ನಗು ಬರುತ್ತದೆ. ಮೂರು ತಲೆಮಾರು ದುಡಿದ ಮನೆಯಲ್ಲಿ ಒಡೆತನಕ್ಕೆ ಇನ್ನೂ ಐವತ್ತು ಚಿಲ್ಲರೆ ವರ್ಷದ ವಯಸ್ಸು. ಇಷ್ಟು ಎಳೆಯ ಒಡೆತನದ ಮೇಲೆ ದೆಹಲಿಯಿಂದ ಯಾರೋ ಗೆರೆ ಎಳೆದರೆ ಮನುಷ್ಯ ಏಕೆ ಬೆಚ್ಚುತ್ತಾನೆ ಎಂಬುದು ನಿಮಗೆ ಅರ್ಥವಾದರೆ ಈ ಪತ್ರದ ಅರ್ಧ ಕೆಲಸ ಮುಗಿಯುತ್ತದೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ನೀವು ಮೊದಲು ಹೊರಡಿಸಿದ್ದು 2014ರ ಮಾರ್ಚ್ 10ರಂದು. ಆಮೇಲೆ 2015, 2017, 2018, 2022ರಲ್ಲಿ ಮತ್ತೆ ಹೊರಡಿಸಿದಿರಿ. ಆರನೆಯದು ವಯನಾಡಿನ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ರ ತಾರೀಖು ಹೊತ್ತು ಬಂತು. ಪ್ರತಿ ಸಲವೂ 56 ಸಾವಿರ ಚದರ ಕಿಲೋಮೀಟರಿಗೆ ಮೀರಿದ ಪ್ರದೇಶ, ಆರು ರಾಜ್ಯ; ನಮ್ಮ ರಾಜ್ಯದ ಪಾಲು 20,668 ಚದರ ಕಿಲೋಮೀಟರ್. ಬೆಳಗಾವಿಯಿಂದ ಚಾಮರಾಜನಗರದವರೆಗೆ ಹತ್ತು ಜಿಲ್ಲೆಗಳ ಒಂದೂವರೆ ಸಾವಿರಕ್ಕೂ ಹೆಚ್ಚು ಹಳ್ಳಿಗಳು. ಪ್ರತಿ ಸಲವೂ ಆಕ್ಷೇಪಣೆಗೆ ಅರವತ್ತು ದಿನ. ಕರಡು ಪ್ರಕಟವಾಗುವುದು ರಾಜಪತ್ರದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಜುಲೈ ಕೊನೆಯಿಂದ ಅರವತ್ತು ದಿನವೆಂದರೆ ನಮ್ಮಲ್ಲಿ ಏನು ಗೊತ್ತೇ? ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಒಂದು ಗಂಟೆ ಹೊಳವಾದೀತೇ ಎಂದು ಆಕಾಶ ನೋಡುತ್ತಾ ಕುಳಿತಿರುವ ಕಾಲ. ಕರೆಂಟು ಮೂರು ದಿನಕ್ಕೊಮ್ಮೆ, ಮೊಬೈಲ್ ಸಂಕೇತ ಗುಡ್ಡದ ನೆತ್ತಿಯಲ್ಲಿ. ಆ ಹೊತ್ತಿನಲ್ಲಿ ಇಂಗ್ಲಿಷ್ ರಾಜಪತ್ರ ಓದಿ ಇಮೇಲ್ ಮಾಡಿ ಎಂದು ಕೇಳುವುದು ಕೇಳಿದ ಹಾಗೆಯೇ ಅಲ್ಲ.

ನಾನು ಓದಿದ್ದೇನೆ. ಮಗಳ ಸಹಾಯದಿಂದ, ಎರಡು ರಾತ್ರಿ ಕುಳಿತು. ಆದ್ದರಿಂದ ಮೊದಲು ನಮ್ಮವರ ಬಗ್ಗೆಯೇ ಒಂದು ಮಾತು ಹೇಳಿಬಿಡುತ್ತೇನೆ, ಊರಿನಲ್ಲಿ ಕೆಲವರಿಗೆ ಸಿಟ್ಟು ಬಂದರೂ ಸರಿ. ಕರಡಿನಲ್ಲಿ ನಮ್ಮನ್ನು ಒಕ್ಕಲೆಬ್ಬಿಸುವ ಮಾತಿಲ್ಲ. ಅಡಿಕೆ, ಕಾಫಿ, ಭತ್ತ ಬೆಳೆಯಬಾರದು ಎಂದಿಲ್ಲ. ಜಮೀನು ಮಾರುವುದಕ್ಕೆ, ಕೊಳ್ಳುವುದಕ್ಕೆ ತಡೆಯಿಲ್ಲ. ಗಣಿಗಾರಿಕೆ, ಕಲ್ಲುಕೋರೆ, ಮರಳು ತೆಗೆಯುವುದು ನಿಷೇಧ; ಈಗ ಇರುವ ಗಣಿಗಳು ಐದು ವರ್ಷದೊಳಗೆ ಮುಚ್ಚಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರಿನಿಂದ ಮೇಲಿನ ಕಟ್ಟಡ, 50 ಹೆಕ್ಟೇರಿನ ಟೌನ್‌ಶಿಪ್ ಕೂಡದು. ನಮ್ಮ ಹೋಬಳಿಯಲ್ಲಿ ಇಪ್ಪತ್ತು ಸಾವಿರ ಚದರ ಮೀಟರ್ ಕಟ್ಟುವ ಯೋಗ್ಯತೆ ಇರುವ ಅಡಿಕೆ ಬೆಳೆಗಾರನನ್ನು ನಾನಂತೂ ಕಂಡಿಲ್ಲ. ಹಾಗಿದ್ದೂ ನಮ್ಮ ಪ್ರತಿಭಟನೆಯ ಶಾಮಿಯಾನದ ಕೆಳಗೆ ಹಂಚಿದ ಕರಪತ್ರದಲ್ಲಿ, ಸಂಜೆ ಆರರ ಮೇಲೆ ರಸ್ತೆ ಬಂದ್ ಆಗುತ್ತದೆ, ಮನೆಗೆ ಹಸಿರು ಬಣ್ಣವನ್ನೇ ಬಳಿಯಬೇಕು, ನಾಯಿ ಸಾಕಬಾರದು ಎಂದೆಲ್ಲ ಇತ್ತು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಲ್ಲುಕೋರೆಯವರೂ ಗುಡ್ಡದ ಮೇಲೆ ರೆಸಾರ್ಟ್ ಕಟ್ಟಲು ಹೊರಟವರೂ ಕುಳಿತಿದ್ದರು. ಊಟದ ಖರ್ಚು ಯಾರದು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಇಷ್ಟೆಲ್ಲ ತಿಳಿದ ಮೇಲೂ ನಾನು ಆ ಶಾಮಿಯಾನದ ಹಿಂದಿನ ಸಾಲಿನಲ್ಲಿ ಕುಳಿತೇ ಇದ್ದೆ. ಏಕೆ ಎಂದು ಹೇಳುವುದಕ್ಕೇ ಈ ಪತ್ರ.

ನೀವೇ ನೇಮಿಸಿದ, ವಿಜ್ಞಾನಿ ಕಸ್ತೂರಿರಂಗನ್ ನೇತೃತ್ವದ ಕಾರ್ಯಪಡೆ 2013ರಲ್ಲಿ ಈ ಪ್ರದೇಶದ ಗೆರೆ ಎಳೆದದ್ದು ಉಪಗ್ರಹದ ಚಿತ್ರ ಹಿಡಿದುಕೊಂಡು. ಚಿತ್ರದ ಒಂದೊಂದು ಚುಕ್ಕೆ ನೆಲದ ಮೇಲೆ ಸುಮಾರು 24 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಅದು ಐದೂವರೆ ಗುಂಟೆಗೆ ತುಸು ಹೆಚ್ಚು. ಒಂಬತ್ತು ಅಡಿಗೆ ಒಂದರಂತೆ ನೆಟ್ಟರೆ ಆ ಚುಕ್ಕೆಯೊಳಗೆ ಎಂಬತ್ತರ ಹತ್ತಿರ ಅಡಿಕೆ ಮರ ನಿಲ್ಲುತ್ತದೆ. ಒಂದೊಂದು ಮರಕ್ಕೂ ಮೆಣಸಿನ ಬಳ್ಳಿ, ನಡುವೆ ಬಾಳೆ, ಏಲಕ್ಕಿ, ಅಂಚಿನಲ್ಲಿ ಹಲಸು, ಮುರುಗಲು. ಮೇಲಿನಿಂದ ನೋಡಿದವರಿಗೆ ಇದೆಲ್ಲ ಒಂದೇ ಹಸಿರು. ಆ ಚುಕ್ಕೆ ಕಾಡೋ ತೋಟವೋ ಎಂದು ಹೇಳಬೇಕಾದರೆ ಬುಡಕ್ಕೆ ಬಂದು ನೋಡಬೇಕು. ಮಣ್ಣು ಏರಿಸಿದ ಬುಡ, ಬಸಿಗಾಲುವೆ, ಗುಡ್ಡದ ಅಬ್ಬಿಯಿಂದ ನೀರು ತರುವ ಪೈಪು, ಇವು ಯಾವುವೂ ಬಾಹ್ಯಾಕಾಶಕ್ಕೆ ಕಾಣುವುದಿಲ್ಲ.

ಅದರ ಮೇಲೆ ಇನ್ನೊಂದು ನಿಯಮ. ಹಳ್ಳಿಯ ವಿಸ್ತೀರ್ಣದಲ್ಲಿ ಶೇಕಡಾ 20ರಷ್ಟು ಸೂಕ್ಷ್ಮ ಎನಿಸಿದರೆ ಸಾಕು, ಇಡೀ ಹಳ್ಳಿ ಪಟ್ಟಿಗೆ ಸೇರುತ್ತದೆ. ಉಳಿದ ಎಂಬತ್ತು ಪಾಲು ಗದ್ದೆಯೇ ಆಗಿರಲಿ, ಶಾಲೆಯ ಆಟದ ಮೈದಾನವೇ ಆಗಿರಲಿ. ಪಟ್ಟಿಯಲ್ಲಿ ಹಳ್ಳಿಯ ಹೆಸರಿದೆ, ಸರ್ವೆ ನಂಬರ್ ಇಲ್ಲ. ನಮ್ಮ ಹಳ್ಳಿಯ ಯಾವ ಇಪ್ಪತ್ತು ಪಾಲಿನಿಂದಾಗಿ ನಾವು ಪಟ್ಟಿಯೊಳಗಿದ್ದೇವೆ? ಮೇಲಿನ ಹಾಡ್ಯದ ಕಾಡೇ, ಹೊಳೆಯಂಚಿನ ಕಾನಿನ ಕಾಡೇ, ಅಥವಾ ನನ್ನ ತೋಟವೇ? ಹನ್ನೊಂದು ವರ್ಷದಿಂದ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ಗ್ರಾಮ ಪಂಚಾಯಿತಿಯಲ್ಲಿ ಇಲ್ಲ, ತಾಲ್ಲೂಕು ಕಚೇರಿಯಲ್ಲಿ ಇಲ್ಲ.

ಕೇರಳದವರು ಈ ಕೆಲಸ ಮಾಡಿಸಿಕೊಂಡರು. ತಮ್ಮದೇ ಸಮಿತಿ ನೇಮಿಸಿ, ತೋಟ ಮನೆಗಳನ್ನು ಬೇರ್ಪಡಿಸಿ, 13,108 ಚದರ ಕಿಲೋಮೀಟರ್ ಇದ್ದದ್ದನ್ನು 9,993.7ಕ್ಕೆ ಇಳಿಸಿದರು. 2014ರ ಮೊದಲ ಕರಡಿನಲ್ಲಿಯೇ ನೀವು ಅದನ್ನು ಒಪ್ಪಿದಿರಿ. ಅಂದರೆ ಉಪಗ್ರಹ ತಪ್ಪಬಹುದು, ನೆಲದ ಮೇಲೆ ನಡೆದು ನೋಡಿದರೆ ಗೆರೆ ಬದಲಾಗಬಹುದು ಎಂಬುದು ನಿಮಗೂ ಗೊತ್ತು. ನಮ್ಮ ಸರ್ಕಾರ ಏನು ಮಾಡಿತು ಎಂದರೆ, ಯಾವ ಪಕ್ಷದ್ದೇ ಇರಲಿ, ಪ್ರತಿ ಕರಡಿಗೂ ಒಂದು ವಿರೋಧದ ಕಾಗದ ಬರೆಯಿತು. 2024ರ ಸೆಪ್ಟೆಂಬರ್ 26ರಂದು ಸಚಿವ ಸಂಪುಟ ಇಡೀ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ನಮ್ಮೂರಿನಲ್ಲಿ ಪಟಾಕಿ ಹೊಡೆದರು. ತಿರಸ್ಕರಿಸುವುದಕ್ಕೆ ಒಂದು ಮಧ್ಯಾಹ್ನ ಸಾಕು, ನಡೆದು ನೋಡುವುದಕ್ಕೆ ಎರಡು ಬೇಸಿಗೆಯಾದರೂ ಬೇಕು; ಅವರು ಮೊದಲನೆಯದನ್ನು ಆರಿಸಿಕೊಂಡರು. ಹಾಗಾಗಿ ನಿಮ್ಮ ಗೆರೆಯೂ ಅಳಿಸಲಿಲ್ಲ, ನಮ್ಮ ಭಯವೂ ಹೋಗಲಿಲ್ಲ.

ಭಯ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕರಡಿನಲ್ಲಿ ಭಯ ಪಡುವಂಥದ್ದು ಇಲ್ಲವೆಂದು ಮೇಲೆ ನಾನೇ ಬರೆದೆ. ಆದರೆ ಮಲೆನಾಡಿನವರು ಕಾಗದವನ್ನು ಅದರಲ್ಲಿ ಬರೆದ ಮಾತಿನಿಂದ ಅಳೆಯುವುದಿಲ್ಲ, ಹಿಂದಿನ ಕಾಗದ ಏನಾಯಿತು ಎಂಬುದರಿಂದ ಅಳೆಯುತ್ತಾರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ 1987ರದು, ಅಂತಿಮ ಅಧಿಸೂಚನೆ 2001ರದು. ಒಳಗಿದ್ದ ಹಳ್ಳಿಗಳವರಿಗೆ ಎಷ್ಟೋ ವರ್ಷ ಪುನರ್ವಸತಿಯೂ ಇಲ್ಲ, ಇದ್ದಲ್ಲಿಗೆ ರಸ್ತೆ, ವಿದ್ಯುತ್ತೂ ಇಲ್ಲ. ಒಂದು ಕಂಬ ನೆಡಲು ಅನುಮತಿಯ ಮೇಲೆ ಅನುಮತಿ. ಅದೇ ಕುದುರೆಮುಖದ ನಡುವೆ ಕಬ್ಬಿಣದ ಗಣಿ ಮಾತ್ರ ಸುಪ್ರೀಂ ಕೋರ್ಟ್ ನಿಲ್ಲಿಸುವವರೆಗೂ ನಡೆಯಿತು. 1964ರಲ್ಲಿ ಲಿಂಗನಮಕ್ಕಿಯ ನೀರು ಮೇಲೆ ಬಂದಾಗ ಮನೆಮಠ ಬಿಟ್ಟು ಗುಡ್ಡ ಸೇರಿದವರ ಮೊಮ್ಮಕ್ಕಳು, ಆ ಜಾಗ ಅರಣ್ಯವೋ ಕಂದಾಯವೋ ಎಂಬ ತಕರಾರಿನಲ್ಲಿ, ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಡೀಮ್ಡ್ ಅರಣ್ಯ (ಕಾಡೆಂದು ಪರಿಗಣಿಸಿದ ಜಮೀನು), ಸೆಕ್ಷನ್ 4 (ಕಾಡೆಂದು ಘೋಷಿಸುವ ಮೊದಲ ಅಧಿಸೂಚನೆ), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಬಗರ್ ಹುಕುಂ (ಅನುಮತಿಯಿಲ್ಲದ ಸರ್ಕಾರಿ ಜಮೀನಿನ ಸಾಗುವಳಿ): ಇಲ್ಲಿ ಒಂದೊಂದು ಮನೆಗೂ ಇವುಗಳಲ್ಲಿ ಯಾವುದೋ ಒಂದು ನಂಟಸ್ತಿಕೆ ಇದ್ದೇ ಇದೆ. ಅರಣ್ಯ ಹಕ್ಕು ಕಾಯ್ದೆ ಬಂತಲ್ಲ ಎಂದರೆ, ಬುಡಕಟ್ಟಿನವರಲ್ಲದವರು 75 ವರ್ಷದ ವಾಸಕ್ಕೆ ದಾಖಲೆ ಕೊಡಬೇಕು. ಗೇಣಿಗೆ ದುಡಿದ ನನ್ನ ಮುತ್ತಜ್ಜನಿಗೆ ಯಾರು ರಸೀದಿ ಕೊಟ್ಟಿದ್ದರು?

ಹೋದ ವರ್ಷ ನಮ್ಮ ದಾಯಾದಿಯೊಬ್ಬರು ದನದ ಕೊಟ್ಟಿಗೆ ಕಟ್ಟಲು ಸಾಲಕ್ಕೆ ಅರ್ಜಿ ಹಾಕಿದ್ದರು. ಕಚೇರಿಯ ಗುಮಾಸ್ತರು ಹಳ್ಳಿಯ ಹೆಸರು ನೋಡಿ, "ನಿಮ್ಮದು ಆ ಪಟ್ಟಿಯಲ್ಲಿದೆ, ಮೇಲಿನವರನ್ನು ಕೇಳಬೇಕು" ಎಂದು ಕಡತವನ್ನು ಪಕ್ಕಕ್ಕೆ ಸರಿಸಿದರು. ಕರಡಿನಲ್ಲಿ ಹಾಗೆ ಎಲ್ಲಿದೆ ಎಂದು ಕೇಳಿದರೆ ಅವರು ಕರಡನ್ನು ಓದಿರಲಿಲ್ಲ. ಕಾನೂನಾಗದ ಕಾಗದವೊಂದು ಹೀಗೆ ಕೆಲಸ ಮಾಡುತ್ತದೆ. ಜಾರಿಗೆ ಬಂದ ಮೇಲೆ ಏನು ಮಾಡಬಹುದು ಎಂದು ನಮ್ಮ ಊಹೆಗೆ ಬಿಟ್ಟಿದ್ದೀರಿ, ಊಹೆ ಮಾಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ.

ಮತ್ತೆ ಕೋರೆಯ ವಿಷಯ. ದೊಡ್ಡ ಕ್ವಾರಿ ನಿಲ್ಲಲಿ. ನಮ್ಮ ಕಡೆ ಅದರ ಸ್ಫೋಟಕ್ಕೆ ಬಿರುಕು ಬಿಟ್ಟ ಗೋಡೆಗಳಿವೆ. ಆದರೆ ಮನೆ ಕಟ್ಟಲು ನಾವು ಜಂಬಿಟ್ಟಿಗೆ ಕಲ್ಲು ಕಡಿಯುವುದು ಪಕ್ಕದ ದಿಣ್ಣೆಯಲ್ಲಿ, ಮರಳು ತರುವುದು ಹಳ್ಳದಿಂದ, ಎತ್ತಿನ ಗಾಡಿಯ ಲೆಕ್ಕದಲ್ಲಿ. ಜೆಸಿಬಿ ಇಟ್ಟು ಗುಡ್ಡ ಕರಗಿಸುವವನಿಗೂ ಮನೆಯ ಪಾಯಕ್ಕೆ ಇನ್ನೂರು ಕಲ್ಲು ಕಡಿಯುವವನಿಗೂ ಒಂದೇ ನಿಷೇಧ ಹಾಕಿದರೆ, ಮೊದಲನೆಯವನು ದಾರಿ ಕಂಡುಕೊಳ್ಳುತ್ತಾನೆ. ಎರಡನೆಯವನ ಮೇಲೆ ಕೇಸು ಬೀಳುತ್ತದೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹಲವರು ಸತ್ತರು. ಅಲ್ಲಿ ಗುಡ್ಡದ ಬುಡ ಕಡಿದದ್ದು ಹೆದ್ದಾರಿಗಾಗಿ. ಶರಾವತಿ ಕಣಿವೆಯಲ್ಲಿ, 2019ರಲ್ಲಿ ಸಿಂಗಳೀಕಕ್ಕಾಗಿಯೇ ವಿಸ್ತರಿಸಿದ ಅಭಯಾರಣ್ಯದೊಳಗೆ, ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ತರಲು ಓಡಾಟ ನಡೆದಿದೆ. ಅದರ ಕಡತ ಅನುಮತಿಗೆ ಬಂದದ್ದೂ ದೆಹಲಿಗೇ. ಅಭಯಾರಣ್ಯದ ಒಡಲಿನಲ್ಲಿ ಸುರಂಗ ಕೊರೆಯುವ ಮಾತಾಡುವವರು ನನ್ನ ತೋಟವನ್ನು ಸೂಕ್ಷ್ಮ ಎಂದಾಗ ನಾನು ಹೇಗೆ ಮುಖ ಇಟ್ಟುಕೊಳ್ಳಬೇಕು, ಹೇಳಿ.

ಕಸ್ತೂರಿರಂಗನ್ ಕಾರ್ಯಪಡೆಗೂ ಮುಂಚೆ ಇದೇ ಘಟ್ಟದ ಬಗ್ಗೆ ಬಂದ ಗಾಡ್ಗೀಳ್ ಸಮಿತಿಯ ವರದಿಯನ್ನು ನಮ್ಮವರು ಬೀದಿಯಲ್ಲಿ ಸುಟ್ಟರು. ಅದು ಕಸ್ತೂರಿರಂಗನ್ ವರದಿಗಿಂತ ಬಿಗಿಯಾಗಿತ್ತು, ನಿಜ. ಆದರೆ ಗೆರೆ ಎಳೆಯುವ ಮುಂಚೆ ಗ್ರಾಮಸಭೆಯನ್ನು ಕೇಳಿ ಎಂದದ್ದು ಅದೇ ವರದಿ. ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಇಪ್ಪತ್ತೈದು ಗ್ರಾಮಸಭೆಗಳು, ಗಣಿ ಬೇಡ, ನಮ್ಮನ್ನು ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿ ಎಂದು ತಾವಾಗಿಯೇ ಠರಾವು ಮಾಡಿದ್ದನ್ನು ಆ ಸಮಿತಿ ದಾಖಲಿಸಿತ್ತು. ಆಮೇಲಿನ ಕಸ್ತೂರಿರಂಗನ್ ವರದಿಯಲ್ಲಿ ಅಲ್ಲಿನ ದೋಡಾಮಾರ್ಗ ತಾಲ್ಲೂಕು ಹೊರಗುಳಿಯಿತು. ಸಾವಂತವಾಡಿ–ದೋಡಾಮಾರ್ಗ ವನ್ಯಜೀವಿ ಹಾದಿಯ ಹಳ್ಳಿಗಳನ್ನು ಸೂಕ್ಷ್ಮ ಪ್ರದೇಶವೆಂದು ಘೋಷಿಸಿ ಎಂದು 2024ರಲ್ಲಿ ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಬೇಕು ಎಂದವರನ್ನು ಬಿಟ್ಟು, ಕೇಳದವರನ್ನು ಸೇರಿಸಿದ ಈ ಲೆಕ್ಕ ನನಗೆ ಇನ್ನೂ ಬಿಡಿಸಲಾಗಿಲ್ಲ. ಅಂದು ವರದಿಗೆ ಬೆಂಕಿ ಹಚ್ಚಿದ ಗುಂಪಿನಲ್ಲಿ ನಾನೂ ಇದ್ದೆ. ಓದದೆ ಹಚ್ಚಿದ್ದೆ.

ರೈತರ ಜಮೀನಿನ ಮೇಲೆ ಕೇಳದೆ ಗೆರೆ ಎಳೆದರೆ ಪ್ರಾಣಿಗೆ ಏನಾಗುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಕರೇರಾ ಇದೆ. ಶಿವಪುರಿ ಜಿಲ್ಲೆಯಲ್ಲಿ ಹೆಬ್ಬಕಕ್ಕಾಗಿ, ಅಂದರೆ ನಮ್ಮ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಆ ದೊಡ್ಡ ಹಕ್ಕಿಗಾಗಿ, 1981ರಲ್ಲಿ ಮಾಡಿದ ಅಭಯಾರಣ್ಯ. ಬಹುಪಾಲು ಖಾಸಗಿ ಹೊಲಗದ್ದೆ. ಅದುವರೆಗೆ ಹಕ್ಕಿಗೂ ರೈತನಿಗೂ ಜಗಳವಿರಲಿಲ್ಲ. ಕಟಾವಾದ ಹೊಲದಲ್ಲಿ ಅದು ಮಿಡತೆ ಹೆಕ್ಕಿಕೊಂಡು ತನ್ನ ಪಾಡಿಗೆ ಇತ್ತು. ಜಮೀನು ಮಾರಬಾರದು, ಕೊಳ್ಳಬಾರದು ಎಂದಾದ ಮೇಲೆ ಮಗಳ ಮದುವೆಗೆ ಎರಡು ಬಿಘಾ ಮಾರಲಾಗದ ಮನುಷ್ಯನಿಗೆ ಆ ಹಕ್ಕಿ ಶನಿಯಂತೆ ಕಂಡಿತು. 1990ರ ದಶಕದ ನಡುವಿನ ಹೊತ್ತಿಗೆ ಕರೇರಾದಲ್ಲಿ ಹೆಬ್ಬಕ ಕಾಣಿಸುವುದು ನಿಂತೇಹೋಯಿತು. ಹಕ್ಕಿಯಿಲ್ಲದ ಹಕ್ಕಿಧಾಮದ ನಿರ್ಬಂಧ ಮಾತ್ರ ದಶಕಗಟ್ಟಲೆ ಉಳಿಯಿತು, ಕೊನೆಗೆ ಸರ್ಕಾರವೇ ಅದರ ಪಟ್ಟ ಕಳಚಿತು. ಸೊಲ್ಲಾಪುರದ ಕಡೆ 1979ರಲ್ಲಿ ಅದೇ ಹಕ್ಕಿಗೆಂದು 8,496 ಚದರ ಕಿಲೋಮೀಟರನ್ನು, ಊರು ಪೇಟೆ ಸಮೇತ, ಅಭಯಾರಣ್ಯ ಎಂದಿದ್ದರು. ಮೂರು ದಶಕ ಕಳೆದ ಮೇಲೆ ಅದು 1,222ಕ್ಕೆ ಇಳಿಯಿತು.

ಇನ್ನೊಂದು ಬಗೆಯದನ್ನು ನೋಡಲು ನೀವು ಬಹಳ ದೂರ ಹೋಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ನಾನು ಒಮ್ಮೆ ಹೋಗಿದ್ದೆ, ನೆಂಟರ ಮದುವೆಗೆ ಹೋದವನು ಹಾಗೆಯೇ ನೋಡಿ ಬರೋಣವೆಂದು. ಊರ ನಡುವಿನ ಹುಣಸೆ ಮರದಲ್ಲಿ, ಮನೆಯ ಹಂಚಿನಿಂದ ನಾಲ್ಕು ಮಾರು ದೂರದಲ್ಲಿ ಹೆಜ್ಜಾರ್ಲೆ ಗೂಡು ಕಟ್ಟಿತ್ತು, ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆ. ಕೆಳಗೆ ನಿಂತರೆ ಮೀನಿನ ನಾತಕ್ಕೆ ಹೊಟ್ಟೆ ತೊಳೆಸುತ್ತದೆ, ಅದನ್ನು ಮುಚ್ಚಿಡುವುದೇಕೆ. ಮರದಡಿ ಬೀಡಿ ಸೇದುತ್ತಿದ್ದ ಅಜ್ಜನನ್ನು, ಇದರ ಕಾಟ ಹೇಗೆ ತಡೆಯುತ್ತೀರಿ ಎಂದೆ. ಹೆರಿಗೆಗೆ ತವರಿಗೆ ಬಂದ ಮಗಳು ಬಟ್ಟೆ ಕೊಳೆ ಮಾಡಿದರೆ ಓಡಿಸುತ್ತೀಯಾ ಎಂದು ನನ್ನನ್ನೇ ಕೇಳಿದರು. ಆ ಮಾತು ಆ ಊರಿನವರೆಲ್ಲ ಹೇಳುವಂಥದ್ದೇ. ಆದರೆ ಅದರ ಹಿಂದೆ ಕಾಸಿನ ಲೆಕ್ಕವೂ ಇದೆ: ಹಿಕ್ಕೆ ಗೊಬ್ಬರವಾಗುತ್ತದೆ, ಹುಣಸೆ ಫಸಲು ಬಿಟ್ಟುಕೊಟ್ಟ ಮರದ ಒಡೆಯನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮರ ಮರದ ಒಡೆಯನ ಹೆಸರಿನಲ್ಲೇ ಇದೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಇದಕ್ಕೆಂದೇ 36ಸಿ ಕಲಮು ಇದೆ: ಖಾಸಗಿ ಅಥವಾ ಸಮುದಾಯದ ಜಮೀನಿನ ಒಡೆಯರು ತಾವಾಗಿ ಮುಂದೆ ಬಂದರೆ ಮಾತ್ರ. ಆ ಕಾಯ್ದೆ ನಿಮ್ಮ ಸಚಿವಾಲಯದ್ದೇ.

ಅಮೆರಿಕದ ಒಹಾಯೊದಲ್ಲಿರುವ ನನ್ನ ತಮ್ಮನ ಮಗ ಒಂದು ಸಂಗತಿ ಹೇಳಿದ. ಅವನಿರುವ ಕೊಲಂಬಸ್ ನಗರದ ಪಶ್ಚಿಮಕ್ಕೆ ಲಿಟ್ಲ್ ಡಾರ್ಬಿ ಎಂಬ ಹೊಳೆಯ ಸುತ್ತ ಜೋಳ, ಸೋಯಾ ಬೆಳೆಯುವ ಹೊಲಗಳಲ್ಲಿ ಅಲ್ಲಿನ ಕೇಂದ್ರ ಸರ್ಕಾರ ವನ್ಯಜೀವಿ ಧಾಮ ಮಾಡಲು ಹೊರಟಿತ್ತಂತೆ. ಮಾರಲು ಒಪ್ಪಿದವರಿಂದ ಮಾತ್ರ ಕೊಳ್ಳುತ್ತೇವೆ ಎಂದರೂ ರೈತರು ನಂಬಲಿಲ್ಲ. ರಸ್ತೆಬದಿಗೆಲ್ಲ ವಿರೋಧದ ಫಲಕ ನೆಟ್ಟರು. 2002ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆ ಹೊಳೆಯ ಮೀನು, ಕಪ್ಪೆಚಿಪ್ಪುಗಳಿಗೆ ಇದರಿಂದ ಒಳ್ಳೆಯದಾಯಿತೆಂದು ನಾನು ಹೇಳಲಾರೆ. ನನಗೆ ಹೊಟ್ಟೆಕಿಚ್ಚಾದದ್ದು ಬೇರೆಯದಕ್ಕೆ: ಅಲ್ಲಿ ಹೌದೋ ಇಲ್ಲವೋ ಒಂದು ತೀರ್ಮಾನವಾಯಿತು, ನಾಲ್ಕೈದು ವರ್ಷದಲ್ಲಿ. ನಾವು ಆರು ಕರಡಿನ ಕೆಳಗೆ ಒಂದನೇ ತರಗತಿಯಿಂದ ಕಾಲೇಜಿನವರೆಗೆ ಮಕ್ಕಳನ್ನು ಬೆಳೆಸಿದ್ದೇವೆ.

ನಾನು ಕೇಳುವುದು ಹೆಚ್ಚಿಲ್ಲ. ಕರಡನ್ನು ಕನ್ನಡದಲ್ಲಿ, ಸರ್ವೆ ನಂಬರಿನ ಸಮೇತ, ನಮ್ಮ ಗ್ರಾಮಸಭೆಯ ಮುಂದಿಡಿ. ಮಳೆಗಾಲದಲ್ಲಿ ಬೇಡ. ಹಾಡ್ಯ, ಕಾನು, ಹೊಳೆದಂಡೆಯನ್ನು ಸೂಕ್ಷ್ಮವೆಂದು ಬರೆಯಿರಿ. ಕೈಯೆತ್ತುವವರಲ್ಲಿ ನಾನು ಮೊದಲಿಗ, ಏಕೆಂದರೆ ನನ್ನ ಅಬ್ಬಿ ನೀರು ಹುಟ್ಟುವುದು ಅಲ್ಲಿಯೇ. ಪಹಣಿಯ ತೋಟ ಗದ್ದೆಗಳನ್ನು ಬೇರೆ ಮಾಡಿ. ಮನೆಗೆ ಕಲ್ಲು, ಮರಳು ತೆಗೆಯುವವರಿಗೆ ಪಂಚಾಯಿತಿಯ ಅನುಮತಿ ಸಾಕೆಂದು ಅಧಿಸೂಚನೆಯ ಒಳಗೇ ಬರೆಯಿರಿ, ಆಮೇಲೆ ಸುತ್ತೋಲೆಯಲ್ಲಿ ನೋಡೋಣ ಎಂದರೆ ಆಗದು. ಹಂದಿ, ಮಂಗ, ಕಾಡುಕೋಣ ತಿಂದ ಬೆಳೆಗೆ ಪರಿಹಾರ ಅದೇ ವರ್ಷ ಕೈಸೇರಲಿ. ಬೀಳುಬಿಟ್ಟ ನನ್ನ ಗದ್ದೆಯನ್ನು ಸಮುದಾಯ ಮೀಸಲಿಗೆ ಕೊಡುವ ಬಗ್ಗೆ ಮಾತಾಡಲೂ ನಾನು ಸಿದ್ಧ. ಮಗಳಿಗೆ ಈ ಮಾತು ಇಷ್ಟವಿಲ್ಲ. ಆ ಚರ್ಚೆ ನಮ್ಮ ಮನೆಯೊಳಗೆ ಇನ್ನೂ ಮುಗಿದಿಲ್ಲ.

ನಿಮ್ಮವರು ಯಾರಾದರೂ ಬರುವುದಾದರೆ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ, ಕಾರ್ತಿಕ ಕಳೆದ ಮೇಲೆ ಬರಲಿ. ಶಿವಮೊಗ್ಗದಿಂದ ಬರುವ ದಾರಿಯಲ್ಲಿ ಮಂಡಗದ್ದೆಯಲ್ಲಿ ಇಳಿದು ತುಂಗೆಯ ನಡುವಿನ ಮರಗಳನ್ನೂ ನೋಡಬಹುದು, ಬೆಳ್ಳಕ್ಕಿ ಗೂಡು ಕಟ್ಟುವ ತಿಂಗಳು ಅದಲ್ಲವಾದರೂ. ಬಸ್ ನಿಲ್ದಾಣದಿಂದ ನಮ್ಮ ಮನೆಗೆ ಎರಡು ಮೈಲಿ ನಡಿಗೆ. ಮಳೆ ಹಿಡಿದುಕೊಂಡು ಇಂಬಳ ಇನ್ನೂ ಇದ್ದರೆ ಹೊಗೆಸೊಪ್ಪು, ಸುಣ್ಣ ನಾನು ಇಟ್ಟುಕೊಂಡಿರುತ್ತೇನೆ. ಸರ್ವೆ ನಂಬರಿನ ಪಟ್ಟಿಯನ್ನು ಮಾತ್ರ ನೀವು ಮರೆಯದೆ ತನ್ನಿ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ